ಒಂಬತ್ತನೆಯ ಕಾಲಂನಲ್ಲಿ ಒಂದು ಸೊನ್ನೆ

ಕೊರೊನಾ ಬೆಳೆ ಪರಿಹಾರ ಅರ್ಜಿಯ ಒಂಬತ್ತನೆಯ ಕಾಲಂ ಆಗಿರುವ ಶ್ರೀ ‘ಹಾಳಾದ ಹಣ್ಣು, ಕ್ವಿಂಟಲ್‌ಗಳಲ್ಲಿ’ ಅವರ ಸನ್ನಿಧಿಗೆ,

ಮಾನ್ಯರೇ,

ಕಮಲಾಪುರದ ಕೆಂಪು ಬಾಳೆ ತೋಟದಿಂದ ದಿವಂಗತ ಬೀರಲಿಂಗ ಅವರ ಹೆಂಡತಿ ರೇವಮ್ಮ ಮಾಡುವ ನಮಸ್ಕಾರಗಳು. ಎಂಟನೆಯ ಮತ್ತು ಹತ್ತನೆಯ ಕಾಲಂಗಳ ನಡುವೆ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಏಳನೇ ತರಗತಿ ಓದಿದ ನನಗೆ ದಿನಾ ನಾಲ್ಕು ಸಾಲು ಡೈರಿ ಬರೆದು ರೂಢಿಯೇ ಹೊರತು ತಮ್ಮಂಥವರಿಗೆ ಬರೆದು ರೂಢಿಯಿಲ್ಲ, ತಪ್ಪಿದ್ದರೆ ಮನ್ನಿಸಬೇಕು.

ಲಾಕ್‌ಡೌನ್ ಆದ ವರ್ಷ ಹಣ್ಣು ಒಯ್ಯುವ ವ್ಯಾಪಾರಿಗಳು ಬರಲಿಲ್ಲ. ಆಗ ನಮ್ಮವರು ಪಕ್ಕದ ಹೊಲದ ನಬಿಸಾಬರ ಟೆಂಪೊದಲ್ಲಿ ನಾಲ್ಕು ದಿನ, ದಿನಕ್ಕೆ ಹತ್ತು ಕ್ವಿಂಟಲ್‌ನಂತೆ ಗೊನೆ ಹೇರಿಕೊಂಡು ಕಲಬುರಗಿಗೆ ಹೋಗಿ, ಕೋಟೆಯ ಸುತ್ತಲಿನ ಮನೆಗಳಿಂದ ಹಿಡಿದು ಸೇಡಂ ರಸ್ತೆಯ ಆಸ್ಪತ್ರೆಗಳ ಬಾಗಿಲವರೆಗೆ ಕೈ ಚಾಚಿದವರಿಗೆಲ್ಲ ಹಂಚಿ ಬಂದರು. ತಡೆದ ಪೊಲೀಸರೂ ಎರಡು ಡಜನ್ ಇಟ್ಟುಕೊಂಡು ದಾರಿ ಬಿಟ್ಟರೆಂದು ಡೈರಿಯಲ್ಲಿದೆ.

ಆಮೇಲೆ ಪರಿಹಾರದ ಅರ್ಜಿ ಬಂತು. ನಮ್ಮವರು ಒಂಬತ್ತನೆಯ ಕಾಲಂ ಆದ ತಮ್ಮೊಳಗೆ ದುಂಡಗೆ ಒಂದು ಸೊನ್ನೆ ಬರೆದರು. “ಬೀರಲಿಂಗಣ್ಣಾ, ನಲವತ್ತು ಅಂತ ಬರೀ, ಹಣ್ಣು ಹೋಗಿದ್ದು ಖರೇ ಅದ” ಎಂದು ನಬಿಸಾಬರು ಅಂದರೆ, “ಹೋಗ್ಯಾವ, ಹೊಟ್ಟ್ಯಾಗ ಹೋಗ್ಯಾವ. ತಿಂದ ಹಣ್ಣಿಗಿ ಕೊಳತಾವ ಅಂತ ಹ್ಯಾಂಗ ಬರೀಲಿ?” ಎಂದು ಇವರು ಅಂದರು. ಅರ್ಜಿ ‘ನಷ್ಟವಿಲ್ಲ’ ಎಂಬ ಷರಾ ಹೊತ್ತು ಮರಳಿತು. ಕೊಳೆತದ್ದಕ್ಕೆ ಮಾತ್ರ ಮರ್ಯಾದೆ ಕೊಡುವ ತಮ್ಮ ನಿಷ್ಠೆಯನ್ನು ಅಂದಿನಿಂದಲೂ ಮೆಚ್ಚಿಕೊಂಡಿದ್ದೇನೆ.

ಮರುವರ್ಷ ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಗೇಟಿನ ಹೊರಗೆ ನಿಂತಿದ್ದ ನನ್ನ ಕೈಗೆ ಯಾರೋ ಎರಡು ಬಾಳೆಹಣ್ಣು ಇಟ್ಟು ಹೋದರು. ಹಳದಿ ಹಣ್ಣು. ಆ ಪುಣ್ಯಾತ್ಮರು ಅದನ್ನು ಯಾವ ಕಾಲಂನಲ್ಲಿ ಬರೆದುಕೊಂಡರೋ ತಿಳಿಯದು.

ಈಗ ಇಷ್ಟು ವರ್ಷಗಳ ಮೇಲೆ, ವಾರಸುದಾರರು ಅರ್ಜಿ ತಿದ್ದಬಹುದೆಂದು ಕಾಗದ ಬಂದಿದೆ. ಕಚೇರಿಯ ರಾಧಿಕಾ ಎಂಬ ಹುಡುಗಿ ನನ್ನನ್ನು ಕೂಡಿಸಿ ಚಹಾ ತರಿಸಿ, “ಅಕ್ಕಾರ, ಸೊನ್ನಿ ಎಡಕ್ಕ ಒಂದು ನಾಕು ಹಾಕ್ರಿ, ಸಾಕು. ಯಾರು ನೋಡ್ತಾರ?” ಎಂದಳು. ಒಳ್ಳೆಯ ಮನಸ್ಸಿನವಳು. ಬಾವಿಯ ಮೋಟರು ಸುಟ್ಟು ಕೂತಿದೆ, ಆ ಹಣ ನನಗೆ ಬೇಡವೆಂದಲ್ಲ. ಪೆನ್ನು ಹಿಡಿದೆ. ಅವರು ಬರೆದ ಸೊನ್ನೆ ಇನ್ನೂ ಅಷ್ಟೇ ದುಂಡಗಿತ್ತು. ನಾನು ನಾಲ್ಕು ಬರೆದರೆ, ಅವರು ನಾಲ್ಕು ದಿನ ಊರಿಗೆ ಕೊಳೆತ ಹಣ್ಣು ತಿನ್ನಿಸಿದಂತಾಗುತ್ತಿತ್ತು. ಪೆನ್ನು ಮುಚ್ಚಿಟ್ಟು ಚಹಾ ಕುಡಿದು ಬಂದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಸ್ವಲ್ಪ ಸರಿದು ಕೂತು, ಪಕ್ಕದಲ್ಲಿ ‘ತಿಂದ ಹಣ್ಣು’ ಎಂಬ ತಂಗಿಯೊಬ್ಬಳಿಗೆ ಜಾಗ ಕೊಡಬೇಕು. ಸಾಕ್ಷಿ ಬೇಕಾದರೆ ಕಲಬುರಗಿಯಲ್ಲಿ ಅಂದು ತಿಂದವರೆಲ್ಲರ ಸಹಿ ತಾವೇ ಖುದ್ದಾಗಿ ಮನೆಮನೆಗೆ ಹೋಗಿ ಪಡೆಯಬಹುದು, ಪೊಲೀಸರದು ಮೊದಲು.

ಸೊನ್ನೆಯನ್ನು ಹಾಗೇ ಉಳಿಸಿರುವ
ತಮ್ಮ ವಿಶ್ವಾಸಿ,
ರೇವಮ್ಮ

ಮರೆತ ಮಾತು: ಈ ಪತ್ರದ ಜೊತೆ ಒಂದು ಡಜನ್ ಕೆಂಪು ಬಾಳೆಹಣ್ಣು ಕಳಿಸಿದ್ದೇನೆ. ತಮ್ಮ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವಷ್ಟರಲ್ಲಿ ಅವು ಕೊಳೆತರೆ, ತಮಗೆ ಬೇಕಾದ ಅಂಕಿ ಸಿಕ್ಕಿತು. ತಮ್ಮ ಹೆಸರಿನಲ್ಲೇ ಅರ್ಜಿ ಹಾಕಿಕೊಳ್ಳಿ. ಯಾರಾದರೂ ತಿಂದುಬಿಟ್ಟರೆ, ದಯವಿಟ್ಟು ಸೊನ್ನೆ ಎಂದು ಬರೆಯಿರಿ.