ಆರು ವರ್ಷದ ರಿಯಾಯಿತಿ

ವಯಸ್ಸಿನ ವಿಷಯದಲ್ಲಿ ನಾನು ಸುಳ್ಳು ಹೇಳುವವಳಲ್ಲ. ಸ್ವಲ್ಪ ರಿಯಾಯಿತಿ ಕೊಟ್ಟುಕೊಳ್ಳುತ್ತೇನೆ, ಅಷ್ಟೇ. ಬೆಂಗಳೂರಿನಲ್ಲಿ ನನ್ನ ವಯಸ್ಸಿನವನೇ ಆದ ತರಕಾರಿಯವನೊಬ್ಬ "ಆಂಟಿ, ಸೊಪ್ಪು ಬೇಕಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ ದಿನದಿಂದ ಈ ಅಭ್ಯಾಸ ಅಂಟಿಕೊಂಡಿತು. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದೇ ನಂಬಿದ್ದೆ, ಟೋಕಿಯೋದ ಫುನಾಬೊರಿಗೆ ಬಂದು ಸಮುದಾಯ ಭವನದ ಪುಕ್ಕಟೆ ತರಗತಿಗೆ ಸೇರುವವರೆಗೆ.

ತರಗತಿಯ ಹೆಸರು 'ಅಂತರ್‌ಸಂಸ್ಕೃತಿ ಸಂವಹನದ ಮೊದಲ ಪಾಠಗಳು'. ಅದನ್ನು ಕೇಳಿ ನನ್ನ ಗಂಡ, "ಮೊದ್ಲು ನಮ್ಮಮ್ಮನ ಜೊತೆ ಸಂವಹನ ಮಾಡೋದು ಕಲಿ ಮಾರಾಯ್ತಿ" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಠ ಹೇಳುವ ಓನೊ ಸಾನ್, "ಒಬ್ಬರ ಮರ್ಯಾದೆ ಇನ್ನೊಬ್ಬರಿಗೆ ಒರಟುತನವಾಗಿ ಕಾಣಬಹುದು. ತಕ್ಷಣ ತೀರ್ಪು ಕೊಡಬೇಡಿ" ಎಂದು ಬುದ್ಧಿ ಹೇಳಿ, ನಮ್ಮನ್ನು ಇಬ್ಬಿಬ್ಬರಾಗಿ ಕೂರಿಸಿ ಮಾತಾಡಲು ಬಿಟ್ಟರು. ನನಗೆ ಜೋಡಿಯಾದವಳು ಪಕ್ಕದ ಕಟ್ಟಡದ ಸುಜಿನ್, ಕೊರಿಯಾದವಳು. ಇಬ್ಬರದೂ ಹರಕುಮುರುಕು ಜಪಾನಿ. ಅವಳ ಮೊದಲ ಪ್ರಶ್ನೆಯೇ, "ನಿಮಗೆ ವಯಸ್ಸೆಷ್ಟು?" ಓನೊ ಸಾನ್ ಮುಖ ಕೆಂಪಗಾಯಿತು. ನಾನು ಯಾವ ತೀರ್ಪೂ ಕೊಡದೆ, ನಲವತ್ತನಾಲ್ಕರಲ್ಲಿ ಆರು ಕಳೆದು, "ಮೂವತ್ತೆಂಟು" ಎಂದೆ.

"ನನಗೆ ನಲವತ್ತೊಂದು! ಹಾಗಾದ್ರೆ ನಾನು ನಿನ್ನ ಒನ್ನಿ!" ಎಂದು ಸುಜಿನ್ ಚಪ್ಪಾಳೆ ತಟ್ಟಿದಳು. ಒನ್ನಿ ಎಂದರೆ ಅಕ್ಕ. ಕೊರಿಯಾದಲ್ಲಿ ವಯಸ್ಸು ಕೇಳುವುದು ಬರೀ ಕುತೂಹಲಕ್ಕಲ್ಲವಂತೆ. ಯಾರನ್ನು ಏನೆಂದು ಕರೆಯಬೇಕು, ಯಾರು ಯಾರಿಗೆ ನೀರು ಬಗ್ಗಿಸಿಕೊಡಬೇಕು ಎಂಬುದೆಲ್ಲ ಅದರ ಮೇಲೆ ನಿಂತಿದೆಯಂತೆ. ಇದು ನನಗೆ ತಿಳಿದದ್ದು ಮೂವತ್ತೆಂಟು ಬಾಯಿಂದ ಹೊರಬಿದ್ದ ಮೇಲೆ.

ಮೂವರು ತಮ್ಮಂದಿರನ್ನು ಕಣ್ಸನ್ನೆಯಲ್ಲೇ ಕುಣಿಸಿದ್ದ ನಾನು, ಈಗ ನನಗಿಂತ ಮೂರು ವರ್ಷ ಚಿಕ್ಕವಳಿಗೆ ಚಮಚ ಜೋಡಿಸಿ, ಎರಡೂ ಕೈಯಲ್ಲಿ ಲೋಟ ಹಿಡಿದು ಕೊಟ್ಟು, ಅವಳು ಮೊದಲ ತುತ್ತು ಎತ್ತುವವರೆಗೆ ಬಾಯಲ್ಲಿ ನೀರೂರಿಸಿಕೊಂಡು ಕೂರತೊಡಗಿದೆ. "ಇಷ್ಟು ಚಳೀಲಿ ಸ್ವೆಟರ್ ಯಾಕೆ ಹಾಕಿಲ್ಲ?" ಎಂದು ರೈಲಿನಲ್ಲೇ ಗದರಿಬಿಡುತ್ತಿದ್ದಳು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲೊಮ್ಮೆ ನನಗೆ ಜ್ವರ ಬಂತು. ಸುಜಿನ್ ಅಕ್ಕಿ ಗಂಜಿ ಮಾಡಿ ತಂದು, "ಪೂರ್ತಿ ಕುಡಿ, ನೋಡ್ತಾ ಇರ್ತೀನಿ" ಎಂದು ಎದುರಿಗೇ ಕೂತಳು. ಹುಟ್ಟಿದಾಗಿನಿಂದ ಎಲ್ಲರಿಗೂ ಅಕ್ಕನಾಗಿದ್ದವಳಿಗೆ ತಂಗಿಯಾಗಿರುವುದು ಇಷ್ಟು ಸುಖ ಎಂದು ಗೊತ್ತೇ ಇರಲಿಲ್ಲ. ಗಂಜಿ ಕುಡಿಯುತ್ತ ಅತ್ತೇಬಿಟ್ಟೆ. ಈ ಅಕ್ಕನನ್ನು ಮಾತ್ರ ಕಳೆದುಕೊಳ್ಳಬಾರದು ಎಂದು ಅಂದೇ ತೀರ್ಮಾನಿಸಿ, "ನನ್ನ ವಯಸ್ಸಿನ ಬಗ್ಗೆ ಬಾಯಿ ಬಿಟ್ರೆ ನೋಡಿ" ಎಂದು ಗಂಡನಿಗೆ ಎಚ್ಚರಿಕೆ ಕೊಟ್ಟೆ. ಮಗಳನ್ನು ಮರೆತೆ.

ಡಿಸೆಂಬರಿನಲ್ಲಿ ಸುಜಿನ್, ನಾನು, ಎಂಟು ವರ್ಷದ ಮಗಳು ಸಿರಿ ಗೊಂಬೆ ಅಂಗಡಿಯೊಂದಕ್ಕೆ ಹೋದೆವು. ಜಪಾನಿನಲ್ಲೂ ಕೊರಿಯಾದಲ್ಲೂ ಹುಟ್ಟಿದ ವರ್ಷಕ್ಕೊಂದು ಪ್ರಾಣಿ. ಹನ್ನೆರಡು ವರ್ಷಕ್ಕೊಮ್ಮೆ ಅದೇ ಪ್ರಾಣಿ ಮತ್ತೆ ಬರುತ್ತದೆ. ಅಪ್ಪನನ್ನು ಕೇಳಿ ಮನೆಯವರೆಲ್ಲರ ಪ್ರಾಣಿಗಳನ್ನು ಶಾಲೆಯಲ್ಲಿ ಬರೆದಿದ್ದ ಸಿರಿ, ಮಣ್ಣಿನ ಕೋಳಿಯನ್ನು ಎತ್ತಿ ಹಿಡಿದು, "ಲುಕ್ ಅಮ್ಮ, ತೋರಿ! ಯುವರ್ ಇಯರ್!" ಎಂದು ಕಿರುಚಿದಳು. ತೋರಿ ಎಂದರೆ ಜಪಾನಿಯಲ್ಲಿ ಕೋಳಿ.

ಸುಜಿನ್ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದಳು. ಕೋಳಿ ವರ್ಷದವರಿಗೆ ಈಗ ಮೂವತ್ತೆರಡಾಗಿರಬೇಕು, ಇಲ್ಲವೇ ನಲವತ್ತನಾಲ್ಕು. ಮೂವತ್ತೆಂಟಕ್ಕೆ ಎಲ್ಲೂ ಜಾಗವಿಲ್ಲ! ಆದರೂ ನನ್ನಲ್ಲಿ ಒಂದು ಆಸೆ ಚಿಗುರಿತು. ಮೂವತ್ತೆರಡು ಎಂದುಕೊಳ್ಳಲಿ ದೇವರೇ, ಗೌರವ ಸಿಗಲಿ ಎಂದು ಹೆಚ್ಚಿಸಿ ಹೇಳಿದ್ದೆ ಎಂದುಬಿಡುತ್ತೇನೆ, ಇನ್ನೂ ಚಿಕ್ಕ ತಂಗಿಯಾಗಿ ಉಳಿಯುತ್ತೇನೆ.

ಸುಜಿನ್ ತಲೆ ಎತ್ತಿ ನನ್ನ ಮುಖ ನೋಡಿದಳು. ಯೋಚಿಸಲು ಅರ್ಧ ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ. ನಡು ಬಗ್ಗಿಸಿ ನಮಸ್ಕರಿಸಿ, ನನ್ನ ಕೈಯಲ್ಲಿದ್ದ ಚೀಲಕ್ಕೆ ಎರಡೂ ಕೈ ಚಾಚಿ ಹೇಳಿದಳು: "ಒನ್ನಿ, ಇಲ್ಲಿ ಕೊಡಿ. ನೀವು ಭಾರ ಎತ್ತಬಾರದು."