ಮಾಳಿಗೆಯ ಮೇಲಿನ ಸೌರಸ್ಫೋಟ

ನಾನು ಶಹಾಬಾದಿನಲ್ಲಿ ಇತಿಹಾಸ ಹೇಳುವ ಮಾಸ್ತರ. ಸತ್ತ ರಾಜರ ಸಂಗ ಸಾಕಾಗಿ ಈಚೆಗೆ ಸೂರ್ಯನ ಕಡೆ ಹೊರಳಿದ್ದೆ. ಸೂರ್ಯನ ಮೈಮೇಲಿನ ಕರಿ ಕಲೆಗಳಲ್ಲಿ ಸದಾ ಅಲೆಗಳು ಏಳುತ್ತವಂತೆ. ಪಕ್ಕದಲ್ಲಿ ಸ್ಫೋಟವಾದರೆ ಅವು ಇನ್ನೂ ಜೋರಾಗುವುದುಂಟಂತೆ. ಮೊಬೈಲಿನಲ್ಲಿ ಇದನ್ನು ನೋಡಿದಾಗಿನಿಂದ ಊಟದ ತಟ್ಟೆಯಲ್ಲೂ ನನಗೆ ಸೂರ್ಯನೇ ತೇಲುತ್ತಿದ್ದ. ಆ ಅಲೆಗಳನ್ನು ನಮ್ಮ ಮಾಳಿಗೆಯಿಂದಲೇ ಕಾಣಬಲ್ಲೆನೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ದುರ್ಬೀನು ತರಿಸಿಯೇ ಬಿಟ್ಟೆ!

ಅದು ಬಂದದ್ದು ಮಗಳು ವಸುಧಾಳ ಕುಬಸದ ಹಿಂದಿನ ದಿನ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಬೇಕು. ಚಿಂಚೋಳಿಯ ಬೀಗರ ಮನೆಗೆ ಒಯ್ಯಲೆಂದು ನನ್ನ ಹೆಂಡತಿ ಸುಮಿತ್ರಾ ಕಲಬುರಗಿಯ ಅಂಗಡಿಗಳನ್ನೆಲ್ಲ ಜಾಲಾಡಿ ಒಂದು ಸೀರೆ ಆರಿಸಿದ್ದಳು.

"ಮಂಚದ ಮ್ಯಾಲಿನ ಸೀರಿ ಮುಟ್ಟಬ್ಯಾಡ್ರಿ. ನಾನಽ ಬ್ಯಾಗಿನ್ಯಾಗ ಇಡ್ತೀನಿ" ಎಂದು ಹೇಳಿ ಅಡುಗೆಮನೆಗೆ ಹೋದಳು.

ಸೂರ್ಯನನ್ನು ದುರ್ಬೀನಿನಲ್ಲಿ ಇಣುಕಿ ನೋಡಬಾರದು. ಹಿಂದೊಂದು ಬಿಳಿ ರಟ್ಟು ಇಟ್ಟರೆ ಅದರ ಮೇಲೆ ಬಿಂಬ ಬೀಳುತ್ತದೆ. ರಟ್ಟಿಗೆ ನೆರಳು ಬೇಕು, ನೆರಳಿಗೆ ದಟ್ಟ ಬಣ್ಣದ ಬಟ್ಟೆ ಬೇಕು. ವಿಜ್ಞಾನಕ್ಕಾಗಿ ಸ್ವಲ್ಪ ಹೊತ್ತು ಎರವಲು ಪಡೆಯುವುದು 'ಮುಟ್ಟುವುದರಲ್ಲಿ' ಬರುವುದಿಲ್ಲವೆಂದು ತೀರ್ಮಾನಿಸಿ, ಸೀರೆಯನ್ನು ಮಾಳಿಗೆಗೆ ಒಯ್ದು ಪರದೆ ಕಟ್ಟಿದೆ. ದುರ್ಬೀನಿನ ಬೆನ್ನ ಮೇಲೆ ಗುರಿ ಹಿಡಿಯಲು ಇನ್ನೊಂದು ಪುಟ್ಟ ದುರ್ಬೀನಿತ್ತು. ಸೂರ್ಯನತ್ತ ತಿರುಗಿಸುವಾಗ ಅದನ್ನು ಮುಚ್ಚಿಯೇ ಇಡಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಅದು ದಡ್ಡರಿಗೆ ಹೇಳಿದ ಮಾತೆಂದು ಮುಚ್ಚಳ ತೆಗೆದೆ.

ಸೂರ್ಯ ನನ್ನ ರಟ್ಟಿನ ಮೇಲೆ ಬಂದು ಕೂತ! ತಣ್ಣಗೆ, ಬೆಳ್ಳಗೆ. ನಡುವೆ ಸಾಸಿವೆಯಷ್ಟು ಕರಿ ಕಲೆ. ವಾಡಿಯ ಕಡೆ ಹೋಗುವ ರೈಲಿನ ಸದ್ದು ಎಲ್ಲೋ ಕೆಳಗೆ, ಬೇರೊಂದು ಲೋಕದಲ್ಲಿ ಕೇಳಿಸಿತು. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದೇನೆಂಬುದೂ ಮರೆತುಹೋಯಿತು. ಅಷ್ಟರಲ್ಲಿ ಕಲೆ ಅಲುಗಿತು. ಅದರ ಮೇಲೆ ಮೆಲ್ಲಗೆ ಒಂದು ಅಲೆ ಹಾದುಹೋಯಿತು.

"ಶರಣಪ್ಪ, ಬರ್ರಿ! ಸೂರ್ಯನ್ಯಾಗ ಅಲಿ ಏಳಾಕತ್ತಾವ!" ಎಂದು ಪಕ್ಕದ ಮನೆಯವರನ್ನು ಕೂಗಿದೆ.

ಶರಣಪ್ಪ ಬಂದವರೇ ಕಣ್ಣರಳಿಸಿದರು. "ಹೌದಲ್ರಿ ಮಾಸ್ತರ! ಭಾಳ ಜೋರ್ ಅದಾವ!"

"ಅಂದ್ರ ಸ್ಫೋಟ ಆಗೇದ!" ಎಂದು ಗಂಭೀರವಾಗಿ ಘೋಷಿಸಿದೆ.

ಕೆಳಗಿನಿಂದ ಸುಮಿತ್ರಾಳ ದನಿ ಬಂತು. "ಏನ್ರಿ, ಏನೋ ಸುಟ್ಟ ವಾಸನಿ ಬರ್ಲಿಕತ್ತದ!"

"ಸೂರ್ಯಾನ ನೋಡ್ಲಿಕತ್ತೀನಿ. ಸುಡೂದಽ ಅವನ ಕೆಲಸ!"

ಶರಣಪ್ಪ ಮೂಗೆಳೆದರು. "ಮಾಸ್ತರ, ಸೂರ್ಯನ ಹೊಗಿ ಇಲ್ಲಿತನಕಾ ಬರ್ತದೇನ್ರಿ?"

ತಿರುಗಿ ನೋಡಿದೆ. ಪುಟ್ಟ ದುರ್ಬೀನಿನಿಂದ ಹೊರಟ ಬಿಸಿಲು ನೇರ ಹಸಿರು ಸೀರೆಗೆ ಬಿದ್ದು ತೂತು ಕೊರೆಯುತ್ತಿತ್ತು. ಅದರ ಹೊಗೆಯೇ ನನ್ನ ಬಿಂಬದ ಮೇಲೆ ಅಲೆಅಲೆಯಾಗಿ ಹಾಯುತ್ತಿತ್ತು!

ಮೇಲೆ ಬಂದ ಸುಮಿತ್ರಾ ಬಯ್ಯಲಿಲ್ಲ. ಸೀರೆ ಎದೆಗವಚಿಕೊಂಡು, "ನಾಳಿ ನನ್ನ ಮಗಳಿಗೆ ಏನ್ ಉಡಸ್ಲಿ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಮಾತ್ರ ದುರ್ಬೀನು ಮಡಚಿಟ್ಟು ಚಪ್ಪಲಿ ಮೆಟ್ಟಿದೆ. ಸಂಜೆಯೆಲ್ಲ ಇಬ್ಬರೂ ಅಂಗಡಿ ಸುತ್ತಿದೆವು. ಅಂಥ ಹಸಿರು ಸಿಗಲಿಲ್ಲ.

ತೂತನ್ನು ನೆರಿಗೆಯಲ್ಲಿ ಮುಚ್ಚಿದರಾಯಿತೆಂದು ಅದೇ ಸೀರೆ ಒಯ್ದೆವು. ಏಳು ತಿಂಗಳ ಹೊಟ್ಟೆ ನಮ್ಮ ಲೆಕ್ಕವನ್ನೆಲ್ಲ ತಪ್ಪಿಸಿತು. ತೂತು ಸರಿಯಾಗಿ ಹೊಟ್ಟೆಯ ಮೇಲೇ ಬಂದು ಕೂತಿತು! ಆರತಿ ತಟ್ಟೆ ಹಿಡಿದ ಬೀಗಿತಿಯರೆಲ್ಲ ಅಲ್ಲಿಯೇ ನೋಡತೊಡಗಿದರು.

"ಇದೇನಪ್ಪಾ?" ಎಂದು ಮಗಳು ಕೇಳಿದಳು.

ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಆಮೇಲೆ ವಸುಧಾ ನಕ್ಕಳು ನೋಡಿ! ಹಸಿರು ಬಳೆಗಳೆಲ್ಲ ಗಲಗಲ ಎಂದವು. ಬೀಗಿತಿಯರೂ ನಕ್ಕರು. ಸುಮಿತ್ರಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ಮಗಳ ನಗು ಸ್ಫೋಟಿಸಿದಾಗಲೆಲ್ಲ ಆ ಸುಟ್ಟ ಕಲೆಯಲ್ಲಿ ಅಲೆಗಳು ಎದ್ದವು! ಒಂದರ ಹಿಂದೊಂದು, ಜೋರಾಗಿ, ಲಯಬದ್ಧವಾಗಿ. ನಾನು ಮೈಮರೆತೆ. ಇಷ್ಟು ಸ್ಪಷ್ಟವಾದ ಪ್ರಯೋಗ ಜಗತ್ತಿನಲ್ಲಿ ಇನ್ನೆಲ್ಲಿ ನಡೆದೀತು? ನೆರೆದವರಿಗೆ ಇದರ ಮರ್ಮ ತಿಳಿಸುವುದು ನನ್ನ ಕರ್ತವ್ಯವೆಂದು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

"ಕುಂದ್ರಿ" ಎಂದಳು ಸುಮಿತ್ರಾ.

ಕುಂತೆ.