ನಾಲಿಗೆಯ ಕೆಳಗೆ ಒಂದು ನಿಮಿಷ

"ಇವತ್ತಿನಿಂದ ಈ ಮನೇಲಿ ಕೂಗಾಟ ಇಲ್ಲ! ಹಾರಾಟ ಇಲ್ಲ! ನಾನು ಶಾಂತಮೂರ್ತಿ ಆಗಿಬಿಡ್ತೀನಿ, ನೋಡ್ತಾ ಇರು!" ಎಂದು ಹರಾಜಪ್ಪ ಘೋಷಿಸಿದ. ಘೋಷಿಸಿದ ರಭಸಕ್ಕೆ ಕಿಟಕಿಯ ಗಾಜು ಅದುರಿತು.

ಹರಾಜಪ್ಪ ಎಂಬುದು ಬೀದಿಯವರು ಕೊಟ್ಟ ಬಿರುದು. ಹಳೆಯ ಸಾಮಾನುಗಳ ಮಳಿಗೆಯಲ್ಲಿ ಹರಾಜು ಕೂಗುವುದು ಅವನ ಉದ್ಯೋಗ. "ಒಂದು ಸಾರಿ, ಎರಡು ಸಾರಿ, ಮೂರು ಸಾರಿ!" ಎಂದು ಸುತ್ತಿಗೆ ಬಡಿದೂ ಬಡಿದೂ ಬಲಭುಜ ಹಿಡಿದುಕೊಂಡಿತ್ತು, ರಕ್ತದೊತ್ತಡ ಏರಿತ್ತು, ನಿದ್ದೆ ಮನೆಬಿಟ್ಟು ಓಡಿಹೋಗಿತ್ತು. ಮನೆಯಲ್ಲೂ ಅದೇ ಗಂಟಲು. ಅವನು ಉಪ್ಪು ಕೇಳಿದರೆ ಎದುರುಮನೆಯವರು ಉಪ್ಪಿನ ಡಬ್ಬಿ ಹುಡುಕುತ್ತಿದ್ದರು!

ಇನ್ನು ಕುರ್ಚಿಯ ವಿಷಯ. ಮಳಿಗೆಯಲ್ಲಿ ಯಾರೂ ಕೊಳ್ಳದ ಒಂದು ಸಲೂನ್ ಕುರ್ಚಿಯನ್ನು ಅವನು ಮನೆಗೆ ಹೊತ್ತು ತಂದಿದ್ದ. ಕಾಲಲ್ಲಿ ಒತ್ತಿದರೆ ಮೇಲೇರುತ್ತದೆ, ಹಿಂದಕ್ಕೆ ಒರಗಿದರೆ ಸ್ವರ್ಗ ಕಾಣಿಸುತ್ತದೆ. ಅದು ಮುಂದಿನ ಕೋಣೆಯ ಅರ್ಧ ಭಾಗ ನುಂಗಿ, ಬಾಗಿಲು ಪೂರ್ತಿ ತೆರೆಯದ ಹಾಗೆ ಮಾಡಿತ್ತು. ಬಂದ ನೆಂಟರೆಲ್ಲ ಅಡ್ಡಡ್ಡಲಾಗಿ ಒಳಗೆ ಬರಬೇಕು. ಹೆಂಡತಿ "ರೀ, ಆ ಕುರ್ಚಿ..." ಎಂದು ಬಾಯಿ ತೆರೆದರೆ ಸಾಕು, ಅವನು ಕುರ್ಚಿಯ ಗುಣಗಾನ ಶುರುಮಾಡಿ ಅವಳ ತಲೆನೋವು, ರಕ್ತದೊತ್ತಡ ಎರಡೂ ನೆತ್ತಿಗೇರುವವರೆಗೂ ನಿಲ್ಲಿಸುತ್ತಿರಲಿಲ್ಲ. ಕುರ್ಚಿಯ ಮೇಲೆ ಅವನಿಗೆ ನಿಜವಾಗಿಯೂ ಪ್ರಾಣ. ಅದಕ್ಕಿದ್ದ ಏಕೈಕ ಕಾವಲು ಅವನ ಬಾಯಿ.

ಅಂಥ ಬಾಯೊಳಗೆ ಬಂತು ಸಿಬಿಡಿ ಎಣ್ಣೆ! ಭುಜನೋವಿಗೆ, ನಿದ್ದೆಗೆ ಒಳ್ಳೆಯದಂತೆ ಎಂದು ಡಾಕ್ಟರನ್ನು ಪೀಡಿಸಿ, ಸಣ್ಣ ಪ್ರಮಾಣಕ್ಕೆ ಚೀಟಿ ಬರೆಸಿಕೊಂಡು ತಂದಿದ್ದ.

"ಗಾಂಜಾ ಗಿಡದ್ದಂತೆ?" ಬಂದು ತಂಗಿದ್ದ ಅತ್ತೆ ಎದೆ ಹಿಡಿದುಕೊಂಡರು.

"ಅತ್ತೇ, ಒಂದೇ ಗಿಡಕ್ಕೆ ಇಬ್ಬರು ಮಕ್ಕಳು. ಅಮಲೇರಿಸೋ ಅಂಶ ಪೋಲಿ. ಇದು ಸಾಧು! ನಮ್ಮ ಮೈಯೊಳಗೇ ನೋವು, ನಿದ್ದೆ, ಹಸಿವು ಎಲ್ಲಾನೂ ಹದದಲ್ಲಿಡೋ ಒಂದು ವ್ಯವಸ್ಥೆ ಇದೆ. ಈ ಎಣ್ಣೆ ಹೋಗಿ ಅದರ ಬೆನ್ನು ತಟ್ಟುತ್ತೆ."

"ಎಣ್ಣೆ ಹಾಕಿದ್ರೆ ನಿದ್ದೆ ಬರುತ್ತೆ ಅನ್ನೋದು ಗಂಡಸರಿಗೆ ಹೊಸ ವಿಷಯವೇ?" ಎಂದಳು ಹೆಂಡತಿ. "ಖಂಡಿತ ಗುಣ ಆಗುತ್ತೆ ಅಂದ್ರಾ ಡಾಕ್ಟ್ರು?"

"ನೋಡೋಣ ಅಂದ್ರು. ನೋಡೋಣ ಅಂದ್ರೆ ಹೌದು ಅಂತಾನೇ ಕಣೇ! ಆದ್ರೆ ಒಂದು ನಿಯಮ. ನುಂಗಿಬಿಟ್ಟರೆ ಹೊಟ್ಟೆಗಿಳಿದು, ರಕ್ತ ಸೇರೋ ಮೊದಲೇ ಮುಕ್ಕಾಲು ಪಾಲು ವ್ಯರ್ಥ. ನಾಲಿಗೆ ಕೆಳಗೆ ಒಂದು ನಿಮಿಷ ಇಟ್ಕೊಂಡ್ರೆ ನೇರ ರಕ್ತಕ್ಕೆ! ಆ ಒಂದು ನಿಮಿಷ ಭೂಮಿ ಬಾಯಿ ಬಿಟ್ಟರೂ ನಾನು ಬಾಯಿ ಬಿಡಲ್ಲ. ಬಿಟ್ಟರೆ ನಾನು ನಮ್ಮಪ್ಪನ ಮಗನೇ ಅಲ್ಲ!"

ಆಡಿದ ಮಾತಿನ ಪರಿಣಾಮ ಅವನಿಗೆ ಹೊಳೆಯಲಿಲ್ಲ. ಹೆಂಡತಿಗೆ ಹೊಳೆಯಿತು.

ಮೊದಲನೆಯ ದಿನ ಕುರ್ಚಿಯಲ್ಲಿ ಒರಗಿ, ಹನಿ ಬಿಟ್ಟುಕೊಂಡು ತುಟಿ ಬಿಗಿದ. ಮನೆಯಲ್ಲಿ ಎಂಥ ನಿಶ್ಶಬ್ದ ಕವಿಯಿತೆಂದರೆ, ಅಡುಗೆಮನೆಯಿಂದ ಹೆಂಡತಿ "ಅಯ್ಯೋ, ಏನಾಯ್ತು ಇವರಿಗೆ!" ಎಂದು ಸೌಟಿನ ಸಮೇತ ಓಡಿಬಂದಳು. ಅವನು ಬೆರಳೆತ್ತಿ ತಡೆದ. ಎಲ್ಲಿಂದಲೋ ತೊಟ್ ತೊಟ್ ಎಂಬ ಸದ್ದು ಕೇಳಿಸಿತು.

"ಬಚ್ಚಲ ನಲ್ಲಿ ಸೋರುತ್ತೆ ಕಣೇ," ಎಂದರು ಅತ್ತೆ. "ಇಷ್ಟು ದಿನ ಗೊತ್ತೇ ಆಗಿರಲಿಲ್ಲ!"

ಮಾರನೆಯ ದಿನ ಹೆಂಡತಿ ಸರಿಯಾಗಿ ಅದೇ ನಿಮಿಷಕ್ಕೆ ಹಾಜರಾದಳು. "ರೀ, ಅಮ್ಮ ಇನ್ನೊಂದು ತಿಂಗಳು ಇರಲಿ ಅಂತಿದೀನಿ. ಬೇಡ ಅನ್ನೋದಾದ್ರೆ ಈಗಲೇ ಹೇಳಿ."

ಮುಚ್ಚಿದ ಬಾಯಲ್ಲಿ 'ಬೇಡ' ಎಂದರೆ ಹೊರಗೆ ಬರುವುದೇನು? "ಹೂಂ! ಹೂಂಹೂಂ!"

"ನೋಡಮ್ಮಾ, ಎಷ್ಟು ಒತ್ತಿ ಒತ್ತಿ ಹೇಳ್ತಿದಾರೆ!"

"ಚಿನ್ನದಂಥ ಅಳಿಯಂದಿರು!" ಅತ್ತೆ ಕಣ್ಣೊರೆಸಿಕೊಂಡರು. ಅದಾದ ಮೇಲೆ 'ಬೇಡ' ಎನ್ನಲು ಯಾವ ಅಳಿಯನಿಗೆ ಧೈರ್ಯ ಬಂದೀತು!

ಅಲ್ಲಿಂದ ಮುಂದೆ ಆ ನಿಮಿಷವೇ ಮನೆಯ ಮಂತ್ರಿಮಂಡಲದ ಸಭೆಯಾಯಿತು. ಗೋಡೆಗೆ ಗುಲಾಬಿ ಬಣ್ಣ ಮಂಜೂರಾಯಿತು. ಅವನ ಮೂರು ಕೆಟ್ಟ ರೇಡಿಯೋಗಳು ಅಟ್ಟಕ್ಕೇರಿದವು. ಇತ್ತ ಮಳಿಗೆಯಲ್ಲಿ ಎಣ್ಣೆಯ ಇನ್ನೊಂದು ಮುಖ ಕಾಣಿಸತೊಡಗಿತು. ಬಾಯಿ ಒಣಗಿ ಗಂಟಲು ಕೀರಲಾಯಿತು. ಮಟಮಟ ಮಧ್ಯಾಹ್ನ ತೂಕಡಿಕೆ ಬಂದು, ಒಂದು ಬೀರುವನ್ನು ಎರಡೇ ಸಾರಿ ಕೂಗಿ ಮಾರಿಬಿಟ್ಟ! ಮಾಲೀಕರು ಅವನ ಕೈಯಿಂದ ಸುತ್ತಿಗೆ ಕಿತ್ತುಕೊಳ್ಳುವುದೊಂದು ಬಾಕಿ.

ಕೊನೆಗೆ ಬಂತು ಆ ಕರಾಳ ದಿನ. ಹರಾಜಪ್ಪ ಕುರ್ಚಿಯಲ್ಲಿ ಒರಗಿ, ಎಣ್ಣೆ ಬಿಟ್ಟುಕೊಂಡು ಕಣ್ಣು ಮುಚ್ಚಿದ್ದ. ಯಾರೋ ಕುರ್ಚಿಯ ಕೈ ಸವರಿದಂತಾಯಿತು. ಕಣ್ಣು ತೆರೆದರೆ ಬೀದಿ ಮೂಲೆಯ ಕ್ಷೌರದವನು!

"ಈ ಕುರ್ಚಿ ಇವರ ಅಂಗಡಿಗೆ ಹೋಗುತ್ತೆ," ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ತಕರಾರು ಇದ್ದವರು ಬಾಯಿ ಬಿಟ್ಟು ಹೇಳಬೇಕು. ಒಂದು ಸಾರಿ!"

"ಹೂಂ!" ಅವನು ಕೈಕಾಲು ಬಡಿದ.

"ಎರಡು ಸಾರಿ!"

ಒಂದು ಕಡೆ ಕುರ್ಚಿ, ಇನ್ನೊಂದು ಕಡೆ ಅಪ್ಪನ ಮಗ ಎಂಬ ಪಟ್ಟ. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಹಣೆಯ ಬೆವರು ಕೆನ್ನೆಗಿಳಿಯಿತು.

"ಮೂರು ಸಾರಿ!" ಅತ್ತೆ ಲಟ್ಟಣಿಗೆ ಎತ್ತಿ ಮೇಜಿಗೆ ಬಡಿದೇಬಿಟ್ಟರು.

ಕ್ಷೌರದವನು ವಿನಯದಿಂದ ಅವನ ಕಂಕುಳಿಗೆ ಕೈಹಾಕಿ ಎತ್ತಿ, ಸ್ಟೂಲಿನ ಮೇಲೆ ಕೂರಿಸಿದ. ನಿಮಿಷ ಮುಗಿದು ಎಣ್ಣೆ ನುಂಗುವ ಹೊತ್ತಿಗೆ ಕುರ್ಚಿ ಬೀದಿಗಿಳಿದಿತ್ತು, ಬಾಗಿಲು ಹಾರು ಹೊಡೆದಿತ್ತು.

"ಇದು ಮೋಸ! ದರೋಡೆ!"

"ಸುತ್ತಿಗೆ ಬಿದ್ದ ಮೇಲೆ ತಕರಾರಿಲ್ಲ ಅಂತ ಮಳಿಗೇಲಿ ಬೋರ್ಡ್ ಹಾಕಿರೋರು ಯಾರ್ರೀ?"

ಹರಾಜಪ್ಪನಿಗೆ ನಿಜಕ್ಕೂ ಅಳು ಬಂತು. ಸ್ಟೂಲಿನ ಮೇಲೆ ಕುಳಿತು ಬೆನ್ನು ನೋಯಿಸಿಕೊಳ್ಳುತ್ತಾ ಒಂದು ವಾರ ಕಳೆದ. ಆ ವಾರದ ಕೊನೆಗೆ ಗಂಡಹೆಂಡತಿ ಡಾಕ್ಟರ ಬಳಿ ಹೋದರು.

"ಭುಜ?"

"ಹಾಗೇ ಇದೆ."

"ನಿದ್ದೆ?"

"ಕೆಲಸದ ಹೊತ್ತಲ್ಲಿ ಬರುತ್ತೆ."

ಡಾಕ್ಟರು ರಕ್ತದೊತ್ತಡ ನೋಡಿ ತಲೆಯಾಡಿಸಿದರು. "ಇದೂ ಇಳಿದಿಲ್ಲ. ನಿಮಗೆ ಇದು ಹಿಡಿಸ್ತಿಲ್ಲ. ಎಲ್ಲರಿಗೂ ಹಿಡಿಸೋ ಔಷಧ ಅಲ್ಲ ಇದು. ನಿಲ್ಲಿಸಿಬಿಡೋಣ."

ಹರಾಜಪ್ಪ ಎದ್ದು ಕುಣಿದ. "ಕೇಳಿಸ್ತೇನೇ? ನಿಲ್ಲಿಸಿಬಿಡೋಣ ಅಂದ್ರು! ಈಗಿಂದೀಗಲೇ ಹೋಗಿ ನನ್ನ ಕುರ್ಚಿ ವಾಪಸ್ ತರ್ತೀನಿ! ಇನ್ನು ನನ್ನ ಬಾಯಿ ಯಾರು ಮುಚ್ಚಿಸ್ತಾರೋ ನೋಡ್ತೀನಿ!"

"ಮುಖ ಯಾಕೋ ಕೆಂಪಗಿದೆ. ಜ್ವರ ಇದೆಯಾ ನೋಡೋಣ," ಎಂದು ಡಾಕ್ಟರು ಗಾಜಿನ ಥರ್ಮಾಮೀಟರನ್ನು ಅವನ ನಾಲಿಗೆಯ ಕೆಳಗೆ ತುರುಕಿದರು. "ಬಾಯಿ ಬಿಡಬೇಡಿ. ಒಂದು ನಿಮಿಷ."

ಆ ನಿಮಿಷದಲ್ಲೇ ಹೆಂಡತಿಯ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಒತ್ತಿದರು. ಹುಬ್ಬು ಮೇಲೇರಿತು. "ಅರೆ! ನಿಮ್ಮ ರಕ್ತದೊತ್ತಡ ಪೂರ್ತಿ ಸರಿಹೋಗಿದೆಯಲ್ಲಮ್ಮ! ಆ ಹಳೇ ತಲೆನೋವು?"

"ಈಚೆಗೆ ಬಂದೇ ಇಲ್ಲ ಡಾಕ್ಟ್ರೇ."

"ಏನು ತಗೊಂಡ್ರಿ?"

"ನಾನೇನೂ ತಗೊಳ್ಳಲಿಲ್ಲ. ಇವರು ತಗೊಂಡ್ರು." ಅವಳು ಗಂಡನ ಮುಚ್ಚಿದ ಬಾಯನ್ನು ಕಣ್ತುಂಬ ನೋಡಿದಳು. "ಇವರಿಗೆ ದಿನಕ್ಕೆ ಮೂರು ಸಾರಿ ಬರೆದುಕೊಡಿ. ಎಣ್ಣೆ ಬೇಡ, ಬರೀ ಥರ್ಮಾಮೀಟರ್ ಸಾಕು. ಕುರ್ಚಿನೂ ಅಲ್ಲೇ ಇರಲಿ, ಅಲ್ವೇನ್ರೀ? ಬೇಡ ಅನ್ನೋದಾದ್ರೆ ಈಗಲೇ ಹೇಳಿ."

"ಹೂಂ! ಹೂಂಹೂಂ!" ಎಂದ ಹರಾಜಪ್ಪ.

ಡಾಕ್ಟರು ನಗುತ್ತಾ ಚೀಟಿ ಬರೆದು ಮುಗಿಸಿ, ಅದರ ಮೇಲೆ ಠಪ್ಪೆಂದು ಮೊಹರು ಬಡಿದರು.